ಕೊಸರಿನ ಗಿರಾಕಿ

ಗಾಂಧಿ ಬಜಾರಿನ ಒಬ್ಬ ಅಜ್ಜಿಯ ಹತ್ತಿರ ನಾನು ಹತ್ತು ವರ್ಷದಿಂದ ತರಕಾರಿ ಕೊಳ್ಳುತ್ತಿದ್ದೇನೆ. ಮೊದಲ ದಿನ ಎರಡು ಟೊಮೆಟೊ, ಒಂದು ನುಗ್ಗೆಕಾಯಿ, ನಾಲ್ಕು ಹಸಿಮೆಣಸಿನಕಾಯಿ ಆರಿಸಿ ಮುಂದಿಟ್ಟಾಗ ಆಕೆ, ‘ಇದು ಕೊಸರಾಯ್ತು ಸಾಮಿ, ಯಾಪಾರ ಎಲ್ಲಿ?’ ಎಂದಿದ್ದಳು.

ಕೊಸರು ಈಗ ಮರೆಯಾಗುತ್ತಿರುವ ಮಾತು. ತೂಕ ಮುಗಿದ ಮೇಲೆ ಮಾರುವವರು ತಮ್ಮ ಖುಷಿಗೋ ಕೊಳ್ಳುವವರ ಕಾಟಕ್ಕೋ ಮೇಲೆ ಹಾಕುವ ಹಿಡಿಯಷ್ಟು ಪದಾರ್ಥವದು. ನಾಲ್ಕು ಜನರ ಮನೆಗೆ ವ್ಯಾಪಾರದ ಬಾಲವಾಗಿ ಬರುವುದೇ ಒಂಟಿ ಮನೆಗೆ ಇಡೀ ವ್ಯಾಪಾರ. ಐದು ರೂಪಾಯಿಯ ಕರಿಬೇವನ್ನು ನಾನೊಬ್ಬನೇ ಮುಗಿಸುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ. ಅಜ್ಜಿ ಮುರಿದುಕೊಡುವ ಒಂದು ಕಡ್ಡಿ ಮೂರು ಒಗ್ಗರಣೆಗೆ ಸಾಕು.

2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರ್ ಪೊಟ್ಟಣಕ್ಕೆ 50 ಮಿಲಿ ಹಾಲು ಸೇರಿ ಬೆಲೆ 2 ರೂಪಾಯಿ ಏರಿತ್ತಲ್ಲ, 2025ರ ಏಪ್ರಿಲ್‌ನಲ್ಲಿ ಪೊಟ್ಟಣ ಮತ್ತೆ ಅರ್ಧ ಲೀಟರಿಗೆ ಬಂತು. ದುಡ್ಡು ಕೊಟ್ಟು ಪಡೆದದ್ದು ಕೊಸರಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ಮನೆಯವರು ಗಮನಿಸದೇ ಹೋದ ಆ 50 ಮಿಲಿ ಒಂಬತ್ತು ತಿಂಗಳು ನನ್ನ ಸಂಜೆಯ ಕಾಫಿಯಾಗಿತ್ತು.

ಹಳೆಯ ಅಳತೆಗಳಿಗೆ ಒಂದೇ ಹೊಟ್ಟೆಯ ಹಸಿವೂ ಗೊತ್ತಿತ್ತು. ಸೇರಿನ ಅರ್ಧ ಅಚ್ಚೇರು, ಕಾಲು ಪಾವು, ಪಾವಿನ ಕಾಲು ಚಟಾಕು. ಚಟಾಕು ಅಕ್ಕಿ ಒಬ್ಬನ ಒಂದು ಹೊತ್ತಿನ ಊಟ. 1956ರ ಕಾಯ್ದೆಯ ಪ್ರಕಾರ ಮೆಟ್ರಿಕ್ ತೂಕಗಳು 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಂದವು. ಆದರೂ ಹಳೇ ಮೈಸೂರಿನ ಮನೆಗಳಲ್ಲಿ ಅಕ್ಕಿಡಬ್ಬಿಯೊಳಗಿನ ಪಾವು ಕದಲಿಲ್ಲ. ಒಂಟಿಯವನನ್ನು ಮರೆತ ತಪ್ಪು ಗ್ರಾಮಿನದಲ್ಲ. 60 ಗ್ರಾಂ ಬೇಳೆಯನ್ನು ತಕ್ಕಡಿ ಚೆನ್ನಾಗಿಯೇ ತೂಗುತ್ತದೆ. ಪೊಟ್ಟಣ ಕಟ್ಟುವವರ ಕಣ್ಣ ಮುಂದಿರುವುದು ಮಾತ್ರ ಸಂಸಾರವಂದಿಗರು.

ಈಗ ಪೊಟ್ಟಣದ ಮೇಲೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳ್ಳೆಯ ನಿಯಮವೇ. ಅದನ್ನು ನಂಬಿ ನಾನು ಐದು ಕಿಲೋ ಗೋಧಿಹಿಟ್ಟು ತಂದೆ. ಕೊನೆಯ ಎರಡು ಕಿಲೋ ಮುಗ್ಗಲು ಹಿಡಿಯಿತು. ಉಂಡ ಚಪಾತಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿದರೆ ಚಿಕ್ಕ ಪೊಟ್ಟಣವೇ ಅಗ್ಗ. ಅಂದಿನಿಂದ ಅಕ್ಕಿ, ಉಪ್ಪು, ಬೆಲ್ಲ ಬಿಟ್ಟು ಬೇರೆ ಯಾವುದನ್ನೂ ತಿಂಗಳಿಗಿಂತ ಹೆಚ್ಚಿಗೆ ತರುವುದಿಲ್ಲ. ಸಾರಿನ ಪುಡಿ ನೂರು ಗ್ರಾಂ, ಬೇಳೆ ಕಾಲು ಕಿಲೋ. ಅದೂ ಬಿಡಿಯಾಗಿ ತೂಗಿ ಕೊಡುವ ದಿನಸಿ ಅಂಗಡಿಯಲ್ಲಿ. ರವೆಯನ್ನು ತಂದ ದಿನವೇ ಹುರಿದಿಟ್ಟರೆ ಹುಳುವಿನ ಕಾಟ ತಪ್ಪುತ್ತದೆ.

ನಿಜವಾದ ಫಜೀತಿ ತೆಂಗಿನಕಾಯಿ. ಅದನ್ನು ಕಾಲು ಕೊಡಿ ಎನ್ನುವಂತಿಲ್ಲ, ಒಡೆದ ಮೇಲೆ ಕೂಡಿಸುವಂತಿಲ್ಲ. ಕಣ್ಣಿರುವ ಹೋಳು ಬೇಗ ಕೆಡುತ್ತದೆ, ಮೊದಲು ಅದನ್ನೇ ತುರಿ ಎನ್ನುತ್ತಿದ್ದಳು ಅಮ್ಮ. ಕಣ್ಣಿನದನ್ನು ತುರಿದು ಮುಗಿಸುವ ಹೊತ್ತಿಗೆ ಕಣ್ಣಿಲ್ಲದ್ದು ಲೋಳೆಯಾಗಿ ನನ್ನನ್ನು ಕಾಯುತ್ತಿರುತ್ತಿತ್ತು. ಹಾಗೆಂದು ಕಾಯಿ ಕೆಡಬಾರದೆಂದು ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಮಜ್ಜಿಗೆಹುಳಿ, ರಾತ್ರಿ ಗೊಜ್ಜು ಮಾಡಿ, ನನಗಾಗಿ ಕಾಯಿಯೋ ಕಾಯಿಗಾಗಿ ನಾನೋ ಎಂದು ತಿಳಿಯದೆ ಕೂತ ದಿನಗಳಿವೆ. ಈಗ ಒಡೆದ ದಿನವೇ ಎರಡೂ ಹೋಳು ತುರಿದು, ಹಿಡಿಹಿಡಿಯಾಗಿ ಬೇರೆ ಬೇರೆ ಕಟ್ಟಿ ಫ್ರೀಜರಿನಲ್ಲಿಡುತ್ತೇನೆ. ಬೇಕಾದಾಗ ಒಂದು ಹಿಡಿ. ರುಚಿ ಒಂದು ಕೂದಲೆಳೆ ಕಡಿಮೆ, ಸುಳ್ಳು ಹೇಳುವುದಿಲ್ಲ.

ಒಂಟಿಯವನ ಮೇಲೆ ದಯೆಯಿರುವ ತರಕಾರಿಗಳೂ ಇವೆ. ಮಂಗಳೂರು ಸೌತೆಯನ್ನು ದಕ್ಷಿಣ ಕನ್ನಡದ ಮನೆಗಳಲ್ಲಿ ಹಗ್ಗ ಕಟ್ಟಿ ತೂಗುಹಾಕಿ ಮಳೆಗಾಲಕ್ಕೆ ಉಳಿಸಿಕೊಳ್ಳುತ್ತಾರೆ. ಹೆಚ್ಚುವವರೆಗೆ ಅದಕ್ಕೆ ಅವಸರವೇ ಇಲ್ಲ, ಹೆಚ್ಚಿದರೆ ಮಾತ್ರ ಮುಗಿಸಬೇಕು. ಹಾಗಾಗಿ ರಾಶಿಯಲ್ಲೇ ಸಣ್ಣದನ್ನು ಹುಡುಕುತ್ತೇನೆ. ಸಿಹಿಗುಂಬಳದ ಹೋಳು ಎಲ್ಲ ಕಡೆ ಸಿಗುತ್ತದೆ. ಟೊಮೆಟೊ ಕೊಳ್ಳುವಾಗ ಒಂದು ಹಣ್ಣು, ಒಂದು ದೋರೆ, ಒಂದು ಕಾಯಿ ಆರಿಸಿದರೆ ವಾರವಿಡೀ ಒಂದೊಂದೇ ಹಣ್ಣಾಗುತ್ತಾ ಬರುತ್ತವೆ. ಹತ್ತು ರೂಪಾಯಿಯ ಗುಡ್ಡೆಗಳನ್ನು ಕಂಡರೆ ತೂಕದ ಮಾತೇ ಬೇಡ.

ಆರಿಸುವುದಕ್ಕೆ ಅಜ್ಜಿ ಈಗ ತಕರಾರು ಮಾಡುವುದಿಲ್ಲ. ನನ್ನನ್ನು ದೂರದಿಂದ ಕಂಡೊಡನೆ ಎರಡು ಬದನೆ, ಒಂದು ಕ್ಯಾರೆಟ್ ಪಕ್ಕಕ್ಕೆ ಎತ್ತಿಡುತ್ತಾಳೆ. ಮೊನ್ನೆ ಒಂದು ಕಿಲೋ ಹುರುಳಿಕಾಯಿ ಕೇಳಿದೆ. ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದಳು.

‘ಯಾರು ಬಂದವ್ರೆ ಸಾಮಿ ಮನೆಗೆ?’

‘ತಂಗಿ, ಅವಳ ಮಕ್ಕಳು.’

‘ಅಂಗಾರೆ ಒಂದೂವರೆ ತಗಳಿ’ ಎಂದು ತೂಗತೊಡಗಿದಳು.