ಗಂಧೆಗೆ ನೆಗಡಿ ಸಿರಪ್ ಬೇಡ

ಪ್ರಶ್ನೆ: ನನ್ನ 3 ವರ್ಷದ ಮಗಳಿಗೆ ಆಗಾಗ ಮೈಮೇಲೆಲ್ಲ ಪಿತ್ತದ ಗಂಧೆ ಏಳುತ್ತದೆ. ಮನೆಯಲ್ಲಿರುವ ನೆಗಡಿ ಸಿರಪ್ಪನ್ನೇ ಕೊಡಬಹುದೇ? ಕುಡಿಸಿದರೆ ಚೆನ್ನಾಗಿ ನಿದ್ದೆಯೂ ಮಾಡುತ್ತಾಳೆ.

ಉತ್ತರ: ಬೇಡಮ್ಮ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಎರಡೂ ಬೆರೆತ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಎಚ್ಚರಿಸಿದ್ದಾರೆ. ಬಾಟಲಿಯ ಚೀಟಿ ಓದಿ ನೋಡಿ. ಆ ನಿದ್ದೆ ಔಷಧಿಯ ಮಂಪರು ಅಷ್ಟೆ. ಮಲಗಿಸಲೆಂದು ಎಂದೂ ಕುಡಿಸಬೇಡಿ. ಗಂಧೆಗೆ ಸೆಟಿರಿಜಿನ್‌ನಂಥ ಔಷಧಿಯನ್ನು ವೈದ್ಯರೇ ವಯಸ್ಸು, ತೂಕ ನೋಡಿ ಹೇಳಲಿ. ಅಡುಗೆಮನೆಯ ಚಮಚ ಬೇಡ, ಅಳತೆ ಮುಚ್ಚಳದಲ್ಲೇ ಕೊಡಿ. ಜೊತೆಗೆ ನೆಗಡಿ ಸಿರಪ್ ಸೇರಿಸಬೇಡಿ. ತುಟಿ, ನಾಲಗೆ ಊದಿದರೆ, ಉಸಿರಾಟ ಕಷ್ಟವಾದರೆ ಸಿರಪ್ ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಓಡಿ.