ಬೀಗ ಹಾಕಿದವರ ಬಾಕಿ

2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಗಡಿಯ ಈಚೆ ತನ್ನದೆಂದು ಹೇಳಿಕೊಳ್ಳುವ 865 ಊರುಗಳಿಗೂ ಚಾಚಿತು. ಮರುವರ್ಷ ಜನವರಿಯಲ್ಲಿ, ಅದಕ್ಕೆ ಅರ್ಜಿ ತುಂಬಿಸಿಕೊಳ್ಳುತ್ತಿದ್ದ ಬೆಳಗಾವಿ ಜಿಲ್ಲೆಯ ಕೇಂದ್ರಗಳಿಗೆ ನಮ್ಮ ಅಧಿಕಾರಿಗಳು ಬೀಗ ಜಡಿದರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಪಕ್ಕದ ರಾಜ್ಯ ನಮ್ಮ ನೆಲದಲ್ಲಿ ಕೌಂಟರ್ ತೆರೆದರೆ ಯಾವ ಸರ್ಕಾರವೂ ಸುಮ್ಮನಿರದು. ಆದರೆ ಬೀಗ ಹಾಕಿದವರ ಮೇಲೆ ಒಂದು ಬಾಕಿ ಉಳಿಯಿತು.

ಖಾನಾಪುರದ ಕಾಡಂಚಿನಿಂದ ಬಂದ ಐವತ್ತೈದರ ರೈತನೊಬ್ಬನನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ. ವರ್ಷದಿಂದ ಮಲದಲ್ಲಿ ರಕ್ತ. ಮೂಲವ್ಯಾಧಿ ಇರಬೇಕೆಂದು ಊರ ಔಷಧ ಕುಡಿದ. ಕಡೆಗೆ ಬೆಳಗಾವಿಗೆ ಬಂದು ಕ್ಯಾಮೆರಾ ಹಾಕಿಸಿಕೊಂಡ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕೈಗೆ ಬಂದದ್ದು ಪೂರಾ ಇಂಗ್ಲಿಷಿನ ಹಾಳೆ. ಮಗ ಡಾಕ್ಟರನ್ನು ಬದಿಗೆ ಕರೆದು, ‘ಅಪ್ಪಗ ಹೇಳಬ್ಯಾಡ್ರಿ ಸರ್, ಗಾಬರಿ ಆಗ್ತಾರ’ ಎನ್ನುತ್ತಾನೆ. ರೋಗ ಯಾರ ಮೈಯಲ್ಲಿದೆಯೋ ಅವನೊಬ್ಬನಿಗೆ ಅದರ ಹೆಸರು ಗೊತ್ತಿಲ್ಲ.

ಗುದನಾಳದ ಕ್ಯಾನ್ಸರಿನಲ್ಲಿ ಇದು ಬರೀ ಮನೆಯೊಳಗಿನ ಗುಟ್ಟಾಗಿ ಉಳಿಯುವುದಿಲ್ಲ. ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್. ಗಡ್ಡೆ ಗುದದ್ವಾರದಿಂದ ಎಷ್ಟು ಮೇಲಿದೆ, ಸುತ್ತಲಿನ ಸ್ನಾಯುವನ್ನು ಹಿಡಿದಿದೆಯೇ ಎಂಬುದರ ಮೇಲೆ ಅವನು ಮುಂದೆ ಮೊದಲಿನ ದಾರಿಯಲ್ಲೇ ಮಲ ವಿಸರ್ಜಿಸುತ್ತಾನೋ, ಹೊಟ್ಟೆಗೆ ಚೀಲ ಕಟ್ಟಿಕೊಂಡು ಬಾಳಬೇಕೋ ತೀರ್ಮಾನವಾಗುತ್ತದೆ. ಅದಕ್ಕೇ ಸೊಂಟದ ಎಂಆರ್‌ಐ ಮಾಡಿಸುವುದು. ರೋಗ ಗೋಡೆ ದಾಟಿದ್ದರೆ ಅಥವಾ ಗ್ರಂಥಿಗಳಿಗೆ ಹಬ್ಬಿದ್ದರೆ ಸಾಮಾನ್ಯವಾಗಿ ಮೊದಲು ‘ಕರೆಂಟ್’ ಕೊಡುತ್ತಾರೆ. ವಿಕಿರಣಕ್ಕೆ ನಮ್ಮ ಜನ ಇಟ್ಟ ಹೆಸರು ಅದೇ. ಐದು ದಿನದ್ದೂ ಇದೆ, ಮಾತ್ರೆಯ ಜೊತೆಗೆ ಐದು ವಾರದ್ದೂ ಇದೆ. ಐದು ವಾರ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಾವಿಗೆ ಓಡಾಡುವುದೆಂದರೆ ಭತ್ತದ ನಾಟಿಯ ಕಾಲದಲ್ಲಿ ಒಂದು ಹಂಗಾಮು ಕೈಬಿಟ್ಟ ಹಾಗೆ. ನಡುವೆ ರಕ್ತ ನಿಂತುಬಿಟ್ಟರೆ, ಕಾಯಿಲೆ ಏನೆಂದು ತಿಳಿಯದವನು ‘ಗುಣವಾಯಿತು’ ಎಂದು ಊರಿಗೆ ಹೊರಟರೆ ತಪ್ಪು ಯಾರದು? ಶಸ್ತ್ರಚಿಕಿತ್ಸೆಯಿಂದ ಮೂತ್ರದ ಹಿಡಿತಕ್ಕೆ, ದಾಂಪತ್ಯಕ್ಕೆ ತೊಂದರೆಯಾಗಬಹುದು ಎಂಬ ಮಾತನ್ನಂತೂ ಮಗನ ಎದುರು ಎತ್ತುವವರೇ ಕಡಿಮೆ.

ಸಹಿ ಮಾತ್ರ ಅಪ್ಪನದೇ ಬೇಕು. ರೋಗಿಗೆ ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಓದಲಾರದ ಹಾಳೆಯ ಮೇಲಿನ ಹೆಬ್ಬೆಟ್ಟು ಆ ಲೆಕ್ಕಕ್ಕೆ ಬರುವುದಿಲ್ಲ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೇಳಿಕೊಂಡರು. ಆಶಯ ಒಳ್ಳೆಯದು, ಗುರಿ ಸ್ವಲ್ಪ ತಪ್ಪಿತು. ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಕ್ಯಾಪೆಸಿಟಬಿನ್ ಎಂಬ ಕ್ಯಾನ್ಸರ್ ಮಾತ್ರೆ ಕನ್ನಡವಾಗದು. ಅದನ್ನು ಯಾಕೆ ನುಂಗಬೇಕು, ಅಂಗಾಲು ಉರಿದರೆ ಯಾರಿಗೆ ಹೇಳಬೇಕು ಎಂಬುದು ಕನ್ನಡದಲ್ಲಿ ಬೇಕು. ಅಂಗಡಿಯ ಫಲಕದಲ್ಲಿ ಶೇ 60 ಕನ್ನಡ ಕಡ್ಡಾಯ ಮಾಡಿದ ರಾಜ್ಯ, ಬಯಾಪ್ಸಿ ವರದಿಯ ಜೊತೆ ಒಂದೇ ಒಂದು ಪುಟದ ವಿವರಣೆಯನ್ನು ಕಡ್ಡಾಯ ಮಾಡಲಿ. ಖಾನಾಪುರದಲ್ಲಿ ಆ ಪುಟ ಮರಾಠಿಯಲ್ಲೂ ಇರಲಿ. ಇಷ್ಟು ಹೇಳಿದ್ದಕ್ಕೇ ನಮ್ಮ ಕೆಲವು ಗೆಳೆಯರು ನನ್ನನ್ನು ಗಡಿಯಾಚೆಗೆ ದಾಟಿಸಬಹುದು. ದಾಟಿಸಲಿ. ಬೀಗ ಹಾಕುವಾಗ ‘ಇವರು ನಮ್ಮ ಜನ’ ಎಂದಿದ್ದು ನಿಜವಾದರೆ, ರೋಗ ತಿಳಿಸುವಾಗಲೂ ಅವರು ನಮ್ಮವರೇ.

‘ನಮಗೆ ಸಮಯವೆಲ್ಲಿ?’ ಎನ್ನುವ ವೈದ್ಯರ ಮಾತು ಸುಳ್ಳಲ್ಲ; ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಅದು ಗೊತ್ತು. ಅಚ್ಚಾದ ಪುಟ ಬೇಕಿರುವುದೂ ಅದಕ್ಕೇ. ವೈದ್ಯರು ಬಿಟ್ಟ ಜಾಗದಲ್ಲಿ, ಒಂದೇ ಬೇರಿನಿಂದ ಕ್ಯಾನ್ಸರ್ ಮಾಯ ಮಾಡುವವರು ಮೊಬೈಲಿನಲ್ಲಿ ಸೊಗಸಾದ ಕನ್ನಡ, ಮರಾಠಿಯಲ್ಲೇ ಮಾತಾಡುತ್ತಿದ್ದಾರೆ. 2025ರ ಜನವರಿ 3ರಂದು ರಾಷ್ಟ್ರಪತಿಯವರು ಬೆಳಗಾವಿಯಲ್ಲಿ ಕೆಎಲ್ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದರು. ಆಸ್ಪತ್ರೆಗಳು ಬರುತ್ತಿವೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವೂ ಇದೆ. ಇಲ್ಲದಿರುವುದು ಆ ಪುಟ.

ಸರ್ಕಾರ ಅದನ್ನು ಅಚ್ಚು ಹಾಕಿಸುವವರೆಗೆ, ಮನೆಯಲ್ಲಿ ಯಾರಿಗಾದರೂ ಈ ರೋಗವೆಂದು ತಿಳಿದರೆ ಅವರನ್ನೇ ಕುರ್ಚಿಯಲ್ಲಿ ಕೂರಿಸಿ, ನೀವು ಪಕ್ಕದಲ್ಲಿ ನಿಲ್ಲಿ. ಎಷ್ಟು ಸೆಂಟಿಮೀಟರ್, ಯಾವ ಹಂತ, ಚೀಲ ಬೇಕಾದರೆ ಕೆಲವು ತಿಂಗಳಿಗೋ ಜೀವನಪೂರ್ತಿಯೋ ಎಂದು ಅವರ ಬಾಯಿಂದಲೇ ಕೇಳಿಸಿ, ಉತ್ತರ ಬರೆದುಕೊಳ್ಳಿ. ದಾಖಲೆ ಬೇಕೆಂದು ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ.