ಮಲ್ಲಿಗೆಗೆ ಎರಡಡಿ ಮಣ್ಣು

ನಮ್ಮ ಎಸ್.ಎಸ್. ಬಡಾವಣೆಯಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಅಂಗಳದ ಮಲ್ಲಿಗೆ ಗಿಡವೇ ಮೊದಲ ಬಲಿ. ಅನಂತರ ಕಾಂಪೌಂಡಿನವರೆಗೂ ಸಿಮೆಂಟು, ಅದರ ಮೇಲೆ ಟೈಲ್ಸು. 'ಗಿಡ ತಾನೇ, ಮತ್ತೆ ಬಂದೀತು' ಎನ್ನುವವರುಂಟು. ಬೇವು ಬಂದೀತು, ತುಳಸಿಯೂ ಬಂದೀತು. ದುಂಡುಮಲ್ಲಿಗೆ ಮಾತ್ರ ತಾನಾಗಿ ಬಾರದು.

ಕಾರಣ ಸಸ್ಯಶಾಸ್ತ್ರದಲ್ಲಿಯೇ ಇದೆ. ಇದರ ಶಾಸ್ತ್ರೀಯ ನಾಮ ಜಾಸ್ಮಿನಮ್ ಸಂಬಾಕ್; ಆಲಿವ್ ಮರದ ಕುಟುಂಬಕ್ಕೆ ಸೇರಿದ್ದು. 1753ರಲ್ಲಿ ಲಿನೇಯಸ್ ಇದನ್ನು ಪಾರಿಜಾತದ ಜಾತಿಯೊಡನೆ ಇರಿಸಿದ್ದ. 1789ರಲ್ಲಿ ಏಟನ್ ಮಲ್ಲಿಗೆಗಳ ಸಾಲಿಗೆ ತಂದ. (ಎರಡೂ ಇರುಳು ಅರಳುವ ಹೂಗಳಾದ್ದರಿಂದ ಲಿನೇಯಸನ ಮೇಲೆ ನನಗೇನೂ ಸಿಟ್ಟಿಲ್ಲ.) ನಾವು ಬೆಳೆಸುವ ದುಂಡುಮಲ್ಲಿಗೆ, ಏಳುಸುತ್ತಿನ ಮಲ್ಲಿಗೆಗಳಲ್ಲಿ ಕಾಯಿ ಕಚ್ಚುವುದು ಬಲು ಅಪರೂಪ. ಆದುದರಿಂದ ಪ್ರತಿಯೊಂದು ಗಿಡವೂ ಇನ್ನಾರದೋ ಹಿತ್ತಿಲ ಗಿಡದ ಕೊಂಬೆ. ಕೊಡುವ ಕೈ ನಿಂತರೆ ಆ ಬಳ್ಳಿಯ ವಂಶವೂ ಅಲ್ಲಿಗೇ ನಿಲ್ಲುತ್ತದೆ. ನೆಲದೊಳಗೆ ಮಳೆಗಾಗಿ ಕಾದಿರುವ ಬೀಜವಿಲ್ಲ.

ಮಾರುಕಟ್ಟೆಯಲ್ಲಿ ಮಾರುಗಟ್ಟಲೆ ಹೂವು ಸಿಗುತ್ತದಲ್ಲ ಎನ್ನಬಹುದು. ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದರ ಪರಿಮಳವನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಅದು ಜಾಸ್ಮಿನಮ್ ಆರಿಕ್ಯುಲೇಟಮ್, ಎಲೆಯ ಬುಡದಲ್ಲಿ ಪುಟ್ಟ ಕಿವಿಗಳಂಥ ಎಲೆಗಳಿರುವ ಬೇರೆಯೇ ಪ್ರಭೇದ. ನರ್ಸರಿಯಿಂದ ದುಂಡುಮಲ್ಲಿಗೆಯನ್ನೇ ತರುತ್ತೇವೆ ಎಂದರೆ ಸಂತೋಷ. ನೆಡುವುದೆಲ್ಲಿ, ಟೈಲ್ಸಿನ ಮೇಲೆಯೆ?

ಕುಂಡದಲ್ಲಿಟ್ಟವರ ದೂರು ಒಂದೇ: ಎಲೆ ಸೊಂಪು, ಹೂವಿಲ್ಲ. ಇದಕ್ಕೆ ಅತಿಪ್ರೀತಿಯೇ ಕಾರಣವೆಂದು ನನ್ನ ಅಭಿಪ್ರಾಯ. ಬಾಲ್ಕನಿಯ ನೆರಳಿನಲ್ಲಿಟ್ಟು ದಿನಕ್ಕೆರಡು ಬಾರಿ ನೀರುಣಿಸಿ, ಯೂರಿಯಾ ಹಾಕಿ, ಕತ್ತರಿ ಮುಟ್ಟಿಸಲು ಅಂಜುತ್ತಾರೆ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕಡೆಗೆ ನೀರು ತಗ್ಗಿಸಿ, ಗಿಡವನ್ನು ಒಂದೂವರೆ ಅಡಿಗೆ ನಿರ್ದಾಕ್ಷಿಣ್ಯವಾಗಿ ಸವರಿ, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿದರೆ ಯುಗಾದಿಯ ಹೊತ್ತಿಗೆ ಬುಟ್ಟಿ ಹಿಡಿಯಬೇಕಾಗುತ್ತದೆ. ದಿನಕ್ಕೆ ಐದಾರು ತಾಸು ಬಿಸಿಲಂತೂ ಬೇಕೇ ಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ದಾವಣಗೆರೆಯಲ್ಲಿ ಬಿಸಿಲಿಗೇನು ಬರವೆ!

ಮನೆ ಕಟ್ಟುವವರಲ್ಲಿ ನನ್ನ ಬೇಡಿಕೆ ಸಣ್ಣದು. ಬಿಸಿಲು ಬೀಳುವ ಮೂಲೆಯಲ್ಲಿ ಎರಡಡಿ ಚೌಕದಷ್ಟು ನೆಲವನ್ನು ಸಿಮೆಂಟಿನಿಂದ ಉಳಿಸಿ. ಹಳೆಯ ಗಿಡವನ್ನು ಕೀಳಲೇಬೇಕಾದರೆ ಅದಕ್ಕೂ ಮುಂಚಿನ ಮಳೆಗಾಲದಲ್ಲಿ ನೆಲಕ್ಕೆ ಬಾಗಿದ ಕೊಂಬೆಯೊಂದರ ಗೆಣ್ಣಿನ ಬಳಿ ತೊಗಟೆಯನ್ನು ತುಸು ಕೆರೆದು, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರಿ. ಎರಡು ಮೂರು ತಿಂಗಳಲ್ಲಿ ಬೇರು ಬಿಟ್ಟಿರುತ್ತದೆ. ತಾಯಿಗಿಡದಿಂದ ಬೇರ್ಪಡಿಸಿ, ಪಕ್ಕದ ಮನೆಯವರನ್ನು ಕರೆದು ಕೊಡಿ. ನಿಮ್ಮ ಹೊಸ ಮನೆ ಮುಗಿಯುವಷ್ಟರಲ್ಲಿ ಅವರ ಅಂಗಳದಿಂದಲೇ ಒಂದು ಕೊಂಬೆ ಮರಳಿ ಕೇಳಬಹುದು.